ಹರಾಜಿನಲ್ಲಿ ಹಳೆಯ ಕಾರು ಕೊಳ್ಳುವಾಗ ಕಣ್ಣು ಎಲ್ಲಿ ತಪ್ಪುತ್ತದೆ, ಹೇಗೆ ನೋಡಬೇಕು

ಇಂಗ್ಲೆಂಡಿನಲ್ಲಿ ಕೆಲಸಕ್ಕಿದ್ದ ವರ್ಷಗಳಲ್ಲಿ ನಾನು ಹರಾಜಿನಲ್ಲಿ ಕೊಂಡ ಮೊದಲ ಹಳೆಯ ಕಾರು ಒಂದು ಕೆಂಪು ಎಂಜಿಬಿ, ಎಂಜಿ ಕಂಪನಿಯ ಚಿಕ್ಕ ಸ್ಪೋರ್ಟ್ಸ್ ಕಾರು. ಹರಾಜಿನ ಹಿಂದಿನ ದಿನ ಕಾರುಗಳನ್ನು ನೋಡಲು ಬಿಟ್ಟಿದ್ದಾಗ ಮುಕ್ಕಾಲು ಗಂಟೆ ಅದರ ಸುತ್ತ ತಿರುಗಿದ್ದೆ. ಬಣ್ಣ ಕನ್ನಡಿಯಂತಿತ್ತು, ಕ್ರೋಮ್ ಬಂಪರಿನಲ್ಲಿ ಒಂದು ಚುಕ್ಕೆಯೂ ಇರಲಿಲ್ಲ, ಸೀಟಿನ ಚರ್ಮವನ್ನು ಹೊಸದಾಗಿ ಹೊಲಿಸಿದ್ದರು. ಮೂರು ತಿಂಗಳ ಮೇಲೆ ಬ್ರೇಕ್ ಕೆಲಸಕ್ಕೆಂದು ಗ್ಯಾರೇಜಿನ ಲಿಫ್ಟಿಗೆ ಏರಿಸಿದಾಗ ಮೆಕ್ಯಾನಿಕ್ ಬಾಗಿಲ ಕೆಳಗಿನ ಸಿಲ್ಲಿಗೆ ಸ್ಕ್ರೂಡ್ರೈವರಿನ ಹಿಡಿಯಿಂದ ಮೆಲ್ಲಗೆ ತಟ್ಟುತ್ತ ಬಂದರು. ಮುಂದಿನ ತುದಿಯಲ್ಲಿ ಟಣ್ ಎಂದದ್ದು ನಡುವೆ ಬಂದಾಗ ದಬ್ ಎಂದಿತು. ಇನ್ನೊಮ್ಮೆ ತಟ್ಟಿದಾಗ ಅಂಗೈ ಅಗಲದ ಕೆಂಪು ಚಕ್ಕೆಯೊಂದು ಕಳಚಿ ಬಿತ್ತು. ಅದರ ಒಳಮೈಯಲ್ಲಿ ಅರ್ಧ ಬೆರಳು ದಪ್ಪದ ಪುಟ್ಟಿ, ಪುಟ್ಟಿಯ ಹಿಂದೆ ಆಧಾರಕ್ಕೆ ಇಟ್ಟ ಅಲ್ಯೂಮಿನಿಯಂ ಜಾಲರಿ, ಜಾಲರಿಯ ಹಿಂದೆ ಹುರಿಹಿಟ್ಟಿನಂತೆ ಉದುರುವ ತುಕ್ಕು. ಎರಡೂ ಬದಿಯ ಸಿಲ್ಲುಗಳನ್ನು ಕತ್ತರಿಸಿ ಹೊಸದು ಕೂರಿಸಿ ಮತ್ತೆ ಬಣ್ಣ ಹೊಡೆಸುವಷ್ಟರಲ್ಲಿ ಕಾರಿಗೆ ಕೊಟ್ಟ ಬೆಲೆಯ ಅರ್ಧಕ್ಕೂ ಮಿಕ್ಕಿ ಖರ್ಚಾಗಿತ್ತು.

ಆ ಮುಕ್ಕಾಲು ಗಂಟೆಯಲ್ಲಿ ನಾನು ಕಾರನ್ನು ನೋಡಿರಲಿಲ್ಲ ಎನ್ನುವಂತಿಲ್ಲ; ಮಾರುವವರು ಯಾವುದನ್ನು ತೋರಿಸಲು ಬಯಸಿದ್ದರೋ ಅದನ್ನೇ ಶ್ರದ್ಧೆಯಿಂದ ನೋಡಿದ್ದೆ. ಆಮೇಲಿನ ವರ್ಷಗಳಲ್ಲಿ ಹರಾಜಿನ ಅಂಗಳಗಳಲ್ಲಿ ಬೇರೆಯವರು ಕಾರು ನೋಡುವುದನ್ನು ಗಮನಿಸಿದ್ದೇನೆ. ಹೆಚ್ಚಿನವರ ಕಣ್ಣು ಸಾಗುವ ದಾರಿ ಒಂದೇ: ಮೊದಲು ಬಣ್ಣ, ನಂತರ ಕ್ರೋಮ್, ನಂತರ ಸೀಟು ಮತ್ತು ಸ್ಟಿಯರಿಂಗ್, ಕೊನೆಗೆ ಬಾನೆಟ್ ಎತ್ತಿ ತೊಳೆದ ಎಂಜಿನ್. ರಿಪೇರಿಗೆ ಅತಿ ಹೆಚ್ಚು ಹಣ ಬೇಡುವ ಭಾಗಗಳು ಈ ದಾರಿಯಲ್ಲಿ ಸಿಗುವುದೇ ಇಲ್ಲ. ನಮ್ಮ ದನಗಳ ಜಾತ್ರೆಯಲ್ಲಿ ಹೋರಿ ಕೊಳ್ಳುವ ರೈತ ಕೊಂಬಿಗೆ ಬಳಿದ ಬಣ್ಣವನ್ನೂ ಕೊರಳಿನ ಗೆಜ್ಜೆಯನ್ನೂ ಬದಿಗಿಟ್ಟು, ತುಟಿ ಎತ್ತಿ ಹಲ್ಲು ಎಣಿಸಿ, ಸುಳಿ ನೋಡಿ, ನಾಲ್ಕು ಹೆಜ್ಜೆ ನಡೆಸಿ ಗೊರಸು ನೋಡುತ್ತಾನೆ. ಹಳೆಯ ಕಾರಿಗೂ ಅಂಥದೊಂದು ಕ್ರಮವಿದೆ. ಮೊದಲು ಕಾಗದ, ಆಮೇಲೆ ಗುರುತಿನ ಸಂಖ್ಯೆ, ಆಮೇಲೆ ತಗಡು, ಆಮೇಲೆ ಯಂತ್ರ, ಎಲ್ಲಕ್ಕಿಂತ ಕೊನೆಗೆ ಬಣ್ಣ. ಈ ಬರಹದಲ್ಲಿ ಹೆಚ್ಚಿನ ಉದಾಹರಣೆಗಳನ್ನು ಎಂಜಿಬಿಯಿಂದಲೇ ಕೊಡುತ್ತೇನೆ. 1962ರಿಂದ 1980ರವರೆಗೆ ಇಂಗ್ಲೆಂಡಿನ ಆ್ಯಬಿಂಗ್ಡನ್‌ನಲ್ಲಿ ಐದು ಲಕ್ಷಕ್ಕೂ ಹೆಚ್ಚು ತಯಾರಾದ ಈ ಕಾರು ಬ್ರಿಟನ್ನಿನ ಬಹುತೇಕ ಹರಾಜುಗಳಲ್ಲಿ ಕಾಣಸಿಗುತ್ತದೆ, ಮತ್ತು ಸಾಮಾನ್ಯ ಸಂಬಳದವರು ಮೊದಲು ಕೊಳ್ಳುವುದೂ ಇಂಥದನ್ನೇ.

ಹರಾಜಿನ ಅಂಗಳವೇ ಕಣ್ಣು ತಪ್ಪಿಸುತ್ತದೆ

ಖಾಸಗಿಯಾಗಿ ಕಾರು ಕೊಳ್ಳುವಾಗ ಮಾಲೀಕರ ಮನೆಗೆ ಹೋಗುತ್ತೇವೆ, ತಣ್ಣಗಿರುವ ಎಂಜಿನ್ನನ್ನು ನಾವೇ ಚಾಲೂ ಮಾಡುತ್ತೇವೆ, ಹತ್ತು ಮೈಲಿ ಓಡಿಸುತ್ತೇವೆ, ಮಾಲೀಕರ ಮಾತಿನ ಧಾಟಿಯಿಂದಲೂ ಏನಾದರೂ ತಿಳಿಯುತ್ತದೆ. ಹರಾಜಿನಲ್ಲಿ ಇವು ಯಾವುವೂ ಸಾಮಾನ್ಯವಾಗಿ ಸಿಗುವುದಿಲ್ಲ. ಕಾರುಗಳನ್ನು ಒಂದಕ್ಕೊಂದು ಒತ್ತಾಗಿ ನಿಲ್ಲಿಸಿರುವುದರಿಂದ ಬಾಗಿಲನ್ನು ಪೂರ್ತಿ ತೆರೆಯುವುದೂ ಕಷ್ಟ. ಮೇಲಿನಿಂದ ಬೀಳುವ ಬಿಳಿ ದೀಪದಲ್ಲಿ ಬಣ್ಣದ ಅಲೆಗಳು ಮರೆಯಾಗುತ್ತವೆ. ಕಾರು ವೇದಿಕೆಯ ತನಕ ತೆವಳುವಷ್ಟು ಓಡಿದರೆ ಸಾಕು. ಆ ಐವತ್ತು ಮೀಟರಿನಲ್ಲಿ ಗೇರ್‌ಬಾಕ್ಸಿನ ಮೂರನೆಯ ಗೇರು ಹಾರುತ್ತದೆಯೇ ಎಂಬುದು ಯಾರಿಗೂ ಗೊತ್ತಾಗುವುದಿಲ್ಲ.

ಕ್ಯಾಟಲಾಗಿನ ಭಾಷೆಯನ್ನು ಓದುವುದಕ್ಕೂ ಅಭ್ಯಾಸ ಬೇಕು. 'ಪೂರ್ಣ ಪುನರುಜ್ಜೀವನಗೊಂಡಿದೆ' ಎಂಬ ಮಾತಿನ ಪಕ್ಕದಲ್ಲಿ ವರ್ಷ, ಕೆಲಸ ಮಾಡಿದವರ ಬಿಲ್ಲು ಮತ್ತು ಕೆಲಸ ನಡೆಯುತ್ತಿರುವಾಗಿನ ಫೋಟೋಗಳಿಲ್ಲದಿದ್ದರೆ ಅದನ್ನು ಬಣ್ಣ ಹೊಡೆಸಿದ್ದಾರೆ ಎಂದಷ್ಟೇ ಓದಿಕೊಳ್ಳಬೇಕು. 'ಮಾರಾಟಗಾರರು ತಿಳಿಸಿರುವಂತೆ' ಎಂದಿದ್ದರೆ ಹರಾಜು ಸಂಸ್ಥೆ ಆ ಮಾತಿನ ಹೊಣೆ ಹೊತ್ತಿಲ್ಲ. 'ಇತ್ತೀಚೆಗೆ ಹೆಚ್ಚು ಓಡಿಲ್ಲ' ಎಂಬ ಕಾರಿನಲ್ಲಿ ಬ್ರೇಕ್ ಸಿಲಿಂಡರು, ಇಂಧನದ ಟ್ಯಾಂಕು, ರಬ್ಬರ್ ಪೈಪು ಇವೆಲ್ಲಕ್ಕೂ ಹಣ ತೆಗೆದಿಡಬೇಕು. ಬರೆದಿರುವುದಕ್ಕಿಂತ ಬರೆಯದೆ ಬಿಟ್ಟದ್ದನ್ನು ಗುರುತು ಹಾಕಿಕೊಳ್ಳುವುದು ಇನ್ನೂ ಒಳ್ಳೆಯ ಅಭ್ಯಾಸ: ನಾಲ್ಕು ಪ್ಯಾರಾ ಬಣ್ಣ ಮತ್ತು ಸೀಟಿನ ಬಗ್ಗೆ ಇದ್ದು ತಗಡಿನ ಬಗ್ಗೆ ಒಂದು ಸಾಲೂ ಇಲ್ಲವಾದರೆ ನೋಡಲು ಹೋದಾಗ ತಗಡನ್ನೇ ಮೊದಲು ನೋಡಬೇಕು.

ಇನ್ನೊಂದು ವಿಷಯವನ್ನು ಭಾರತದಿಂದ ಹೋದವರು ವಿಶೇಷವಾಗಿ ತಿಳಿದಿರಬೇಕು. ಜನರು ಖುದ್ದಾಗಿ ಹಾಜರಾಗಬಹುದಾದ ಸಾರ್ವಜನಿಕ ಹರಾಜಿನಲ್ಲಿ ಕೊಂಡ ಹಳೆಯ ಸರಕಿಗೆ ಬ್ರಿಟನ್ನಿನ 2015ರ ಗ್ರಾಹಕ ಹಕ್ಕುಗಳ ಕಾಯಿದೆಯ ಬಹುಪಾಲು ರಕ್ಷಣೆ ಅನ್ವಯಿಸುವುದಿಲ್ಲ. ಅಂಗಡಿಯಲ್ಲಿ ಕೊಂಡ ವಸ್ತುವನ್ನು ಹಿಂದಿರುಗಿಸುವಂತೆ ಇದನ್ನು ಹಿಂದಿರುಗಿಸಲಾಗದು. ಕಂಡ ಸ್ಥಿತಿಯಲ್ಲಿಯೇ ಮಾರಾಟ ಎಂಬ ಷರತ್ತು ಕ್ಯಾಟಲಾಗಿನ ಕೊನೆಯ ಪುಟಗಳಲ್ಲಿ ಸಣ್ಣ ಅಕ್ಷರದಲ್ಲಿರುತ್ತದೆ; ಆ ಪುಟಗಳನ್ನು ಕಾರಿನ ಫೋಟೋಗಳಿಗಿಂತ ಮೊದಲು ಓದಿ.

ಮನೆಯಲ್ಲಿ ಕೂತೇ ಆಗಬೇಕಾದ ಕೆಲಸ

ಕಾರನ್ನು ನೋಡಲು ಹೋಗುವ ಮುಂಚೆ ಅದರ ನೋಂದಣಿ ಸಂಖ್ಯೆಯಿಂದ ಬಹಳಷ್ಟು ತಿಳಿಯಬಹುದು. ಬ್ರಿಟನ್ನಿನಲ್ಲಿ ವಾಹನ ರಸ್ತೆಗೆ ಯೋಗ್ಯವೇ ಎಂದು ನೋಡಲು ಪ್ರತಿ ವರ್ಷ ನಡೆಯುವ ಎಂಒಟಿ ಪರೀಕ್ಷೆಯ 2005ರ ಈಚಿನ ದಾಖಲೆಗಳು ಸರ್ಕಾರದ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಆಯಾ ವರ್ಷ ಮೀಟರ್ ತೋರಿಸಿದ ಮೈಲಿ, ಅನುತ್ತೀರ್ಣವಾದ ಕಾರಣ, 'ಮುಂದೆ ಗಮನಿಸಿ' ಎಂದು ಬರೆದ ಸಲಹೆಗಳು ಎಲ್ಲವೂ ಅಲ್ಲಿರುತ್ತವೆ. ಒಂದು ವರ್ಷ 'ಎಡ ಸಿಲ್ಲಿನಲ್ಲಿ ಅತಿಯಾದ ತುಕ್ಕು' ಎಂದು ಬರೆದಿದ್ದು ಮರುವಾರವೇ ಉತ್ತೀರ್ಣವಾಗಿದ್ದರೆ ಆ ಒಂದು ವಾರದಲ್ಲಿ ತುಕ್ಕಿನ ಮೇಲೆ ಒಂದು ತಗಡಿನ ತುಂಡು ಬೆಸೆದಿರುವ ಸಂಭವವೇ ಹೆಚ್ಚು. 2018ರ ಮೇ ತಿಂಗಳಿನಿಂದ ನಲವತ್ತು ವರ್ಷ ದಾಟಿದ, ದೊಡ್ಡ ಮಾರ್ಪಾಡು ಆಗದ ಕಾರುಗಳಿಗೆ ಈ ಪರೀಕ್ಷೆ ಕಡ್ಡಾಯವಲ್ಲ. ಆದ್ದರಿಂದ 2018ಕ್ಕೆ ದಾಖಲೆ ನಿಂತುಹೋಗಿದ್ದರೆ ಅಂದಿನಿಂದ ಸ್ವತಂತ್ರ ಪರೀಕ್ಷಕರು ಯಾರೂ ಆ ಕಾರಿನ ತಳ ನೋಡಿಲ್ಲದಿರಬಹುದು. ವಿನಾಯಿತಿ ಇದ್ದರೂ ತಾವಾಗಿ ಪ್ರತಿ ವರ್ಷ ಪರೀಕ್ಷೆ ಮಾಡಿಸಿರುವ ಮಾಲೀಕರ ಕಾರಿಗೆ ನಾನು ಹೆಚ್ಚು ಬೆಲೆ ಕಟ್ಟುತ್ತೇನೆ.

ಎರಡನೆಯದು ಕಾರ್ಖಾನೆಯ ದಾಖಲೆ. ಎಂಜಿ, ಆಸ್ಟಿನ್, ಟ್ರಯಂಫ್ ಮುಂತಾದ ಕಾರುಗಳಿಗೆ ಗೇಡನ್‌ನಲ್ಲಿರುವ ಬ್ರಿಟಿಷ್ ಮೋಟಾರ್ ಇಂಡಸ್ಟ್ರಿ ಹೆರಿಟೇಜ್ ಟ್ರಸ್ಟ್ ತನ್ನಲ್ಲಿರುವ ತಯಾರಿಕಾ ದಾಖಲೆಗಳಿಂದ ಪ್ರಮಾಣಪತ್ರ ಕೊಡುತ್ತದೆ. ಕಾರು ತಯಾರಾದ ದಿನ, ಮೂಲ ಬಣ್ಣ, ಎಂಜಿನ್ ಸಂಖ್ಯೆ, ಯಾವ ದೇಶಕ್ಕೆ ಕಳುಹಿಸಲಾಯಿತು ಎಂಬುದೆಲ್ಲ ಅದರಲ್ಲಿ ಇರುತ್ತದೆ. ಜಾಗ್ವಾರ್ ಕಾರುಗಳಿಗೂ ಅದರದೇ ಹೆರಿಟೇಜ್ ಟ್ರಸ್ಟಿನ ಪತ್ರವಿದೆ. ಫೆರಾರಿಗೆ ಕ್ಲಾಸಿಕೆ ವಿಭಾಗದ ದೃಢೀಕರಣವಿದೆ. ಎಂಜಿಬಿಗಳಲ್ಲಿ ಬಹುಪಾಲು ಉತ್ತರ ಅಮೆರಿಕಕ್ಕೆ ಹೋದವು. ಅವುಗಳಲ್ಲಿ ಅನೇಕವು ದಶಕಗಳ ನಂತರ ಹಿಂದಿರುಗಿ ಎಡಗಡೆಯ ಸ್ಟಿಯರಿಂಗ್ ಬಲಕ್ಕೆ ಬಂದಿದೆ. ಕ್ಯಾಲಿಫೋರ್ನಿಯಾದ ಒಣ ಹವೆಯಲ್ಲಿದ್ದ ಕಾರಿನ ತಗಡು ಬ್ರಿಟನ್ನಿನ ಉಪ್ಪು ಚೆಲ್ಲಿದ ಚಳಿಗಾಲದ ರಸ್ತೆಯಲ್ಲಿದ್ದ ಕಾರಿಗಿಂತ ಗಟ್ಟಿಯಾಗಿರಬಹುದು, ಆದರೆ ಸುಟ್ಟ ಡ್ಯಾಶ್‌ಬೋರ್ಡು ಮತ್ತು ಬಿಸಿಲಿಗೆ ಸೀಳಿದ ರಬ್ಬರನ್ನೂ ಅದೇ ಹವೆ ಕೊಟ್ಟಿರುತ್ತದೆ. ಪ್ರಮಾಣಪತ್ರವಿಲ್ಲದೆ ಈ ಯಾವ ಚರಿತ್ರೆಯೂ ಕಾರಿನ ಮೇಲ್ಮೈಯಲ್ಲಿ ಕಾಣುವುದಿಲ್ಲ.

ಸಂಖ್ಯೆ ಹೊಂದುತ್ತದೆ ಎಂಬ ಮಾತು

'ಮ್ಯಾಚಿಂಗ್ ನಂಬರ್ಸ್' ಎಂಬುದು ಹರಾಜಿನ ಅಂಗಳದಲ್ಲಿ ಅತಿ ಹೆಚ್ಚು ಕೇಳುವ, ಅತಿ ಕಡಿಮೆ ಪರೀಕ್ಷೆಗೊಳಗಾಗುವ ಮಾತು. ಕಾರ್ಖಾನೆಯಿಂದ ಹೊರಬಂದ ದಿನ ಕಾರಿನಲ್ಲಿದ್ದ ಎಂಜಿನ್ನೇ ಇಂದೂ ಇದೆ ಎಂಬುದು ಅದರ ಅರ್ಥವಾಗಬೇಕು. ಕೆಲವರು ಎಂಜಿನ್ ಸಂಖ್ಯೆಯೂ ಆರ್‌ಸಿಯಲ್ಲಿ ಬರೆದ ಸಂಖ್ಯೆಯೂ ಒಂದೇ ಎಂಬಷ್ಟಕ್ಕೆ ಈ ಮಾತು ಬಳಸುತ್ತಾರೆ. ಎಂಜಿನ್ ಬದಲಿಸಿದ ಮೇಲೆ ದಾಖಲೆಯನ್ನೂ ತಿದ್ದಿಸಿದ್ದರೆ ಅವೆರಡೂ ಹೊಂದಲೇಬೇಕಲ್ಲವೇ? ಹೋಲಿಸಬೇಕಾದದ್ದು ಕಾರ್ಖಾನೆಯ ದಾಖಲೆಯೊಂದಿಗೆ. ಸಂಖ್ಯೆಯನ್ನು ಓದಿದರೆ ಸಾಲದು, ಅದು ಕೂತಿರುವ ಲೋಹವನ್ನೂ ನೋಡಬೇಕು. ಸುತ್ತಲಿನ ಎರಕದ ಮೈ ಒರಟಾಗಿದ್ದು ಸಂಖ್ಯೆಯ ಜಾಗ ಮಾತ್ರ ಗ್ರೈಂಡರ್ ಹಿಡಿದಂತೆ ನುಣುಪಾಗಿದ್ದರೆ, ಅಂಕಿಗಳ ಆಳ ಒಂದೊಂದಕ್ಕೂ ಬೇರೆಯಾಗಿದ್ದರೆ, ಫಲಕದ ರಿವೆಟ್ಟು ಹೊಸದಾಗಿದ್ದರೆ ಕೈ ಹಿಂದೆಗೆಯಬೇಕು.

ಅಮೆರಿಕದ ಹರಾಜುಗಳಲ್ಲಿ ಈ ತಪ್ಪಿಗೆ ದೊಡ್ಡ ಬೆಲೆ ತೆರಬೇಕಾಗುತ್ತದೆ, ಏಕೆಂದರೆ ಅಲ್ಲಿ ಸಾಧಾರಣ ಮಾದರಿಗೂ ಅದರ ಬಲಶಾಲಿ ರೂಪಕ್ಕೂ ಮೈಕಟ್ಟು ಒಂದೇ. 1964 ಮತ್ತು 1965ರಲ್ಲಿ ಪಾಂಟಿಯಾಕ್ ಜಿಟಿಒ ಎಂಬುದು ಲೆಮಾನ್ಸ್ ಕಾರಿಗೆ ಹೆಚ್ಚುವರಿ ಹಣ ಕೊಟ್ಟು ಪಡೆಯುವ ಒಂದು ಆಯ್ಕೆಯಾಗಿತ್ತು. 1966ರಲ್ಲಿ ಅದು ಪ್ರತ್ಯೇಕ ಮಾದರಿಯಾದ ಮೇಲೆಯೇ ಚಾಸಿಸ್ ಸಂಖ್ಯೆಯ ಮೊದಲ ಮೂರು ಅಂಕಿ 242 ಎಂದಾಯಿತು. ಹೀಗಾಗಿ ಮೊದಲ ಎರಡು ವರ್ಷದ ಕಾರು ನಿಜವಾದ ಜಿಟಿಒ ಎಂಬುದನ್ನು ಚಾಸಿಸ್ ಸಂಖ್ಯೆಯೊಂದರಿಂದಲೇ ಹೇಳಲಾಗದು, ಕಾರ್ಖಾನೆಯ ಬಿಲ್ಲಿನ ಪ್ರತಿ ಬೇಕು. 1970ರ ಷೆವರ್ಲೆ ಕಂಪನಿಯ ಶೆವೆಲ್ ಎಸ್‌ಎಸ್ ಕಥೆಯೂ ಇದೇ. ಲಾಂಛನಗಳು ಮತ್ತು ಬಾನೆಟ್ಟಿನ ಪಟ್ಟಿಗಳು ಬಿಡಿಭಾಗಗಳ ಅಂಗಡಿಯಲ್ಲಿ ಸಿಗುತ್ತವೆ. ಅವುಗಳನ್ನು ಅಂಟಿಸಿದ ಸಾಧಾರಣ ಕಾರನ್ನು ಮಾರಾಟಗಾರರು ನಕಲು ಎಂದೇ ಹೇಳಿ ಮಾರಿದರೆ ತಪ್ಪಿಲ್ಲ, ಕೊಳ್ಳುವವರು ಕೇಳದೆ ಅಸಲಿಯ ಬೆಲೆ ಕೊಡುವುದೇ ಹೆಚ್ಚು.

ತಗಡು

ಇಲ್ಲಿಗೆ ಬಂದಾಗ ಆತುರಪಡಬಾರದು. ನೋಡಲು ಬಿಟ್ಟಿರುವ ಸಮಯದ ಅರ್ಧ ಭಾಗವನ್ನು ಮೊಣಕಾಲೂರಿ ಕಳೆಯಬೇಕು ಎಂಬುದು ನನ್ನ ಅಭಿಪ್ರಾಯ. ಎಂಜಿಬಿಗೆ ಪ್ರತ್ಯೇಕ ಚಾಸಿಸ್ ಇಲ್ಲ. ಇಡೀ ಮೈಯೇ ಭಾರ ಹೊರುತ್ತದೆ, ಅದರಲ್ಲೂ ಬಾಗಿಲ ಕೆಳಗೆ ಉದ್ದಕ್ಕೆ ಸಾಗುವ ಸಿಲ್ಲುಗಳು ಕಾರಿನ ಬೆನ್ನೆಲುಬು. ಹುಡ್ ತೆಗೆದು ಓಡಿಸುವ ರೋಡ್‌ಸ್ಟರ್‌ಗೆ ಮೇಲ್ಛಾವಣಿಯ ಆಧಾರವೂ ಇಲ್ಲದಿರುವುದರಿಂದ ಸಿಲ್ಲು ಹೋದರೆ ಕಾರು ನಡು ಮುರಿದಂತೆ ಬಾಗುತ್ತದೆ. ಈ ಸಿಲ್ಲುಗಳು ಬಾಗಿಲಿನ ಅಗಲಕ್ಕೆ ಮುಗಿಯುವುದಿಲ್ಲ. ಮುಂದಿನ ಮತ್ತು ಹಿಂದಿನ ಮಡ್‌ಗಾರ್ಡುಗಳ ಒಳಗೂ ಸಾಗುತ್ತವೆ. ಸರಿಯಾಗಿ ಬದಲಿಸಬೇಕಾದರೆ ಮುಂದಿನ ಮಡ್‌ಗಾರ್ಡ್ ಬಿಚ್ಚಬೇಕು, ಹಿಂದಿನದರ ಕೆಳಭಾಗ ಕತ್ತರಿಸಬೇಕು. ಹಣ ಅಥವಾ ತಾಳ್ಮೆ ಇಲ್ಲದವರು ಬಾಗಿಲಿನಷ್ಟು ಅಗಲಕ್ಕೆ ಒಂದು ಹೊದಿಕೆ ತಗಡು ಬೆಸೆದು, ಸಂದಿಗೆ ಪುಟ್ಟಿ ತುಂಬಿ, ಬಣ್ಣ ಹೊಡೆಯುತ್ತಾರೆ. ಒಳಗೆ ಹುಳುಕು ಹೊರಗೆ ತಳುಕು ಎಂಬ ಗಾದೆಗೆ ಇದಕ್ಕಿಂತ ತಕ್ಕ ಚಿತ್ರ ನನಗೆ ಕಂಡಿಲ್ಲ.

ಪತ್ತೆ ಮಾಡುವ ಬಗೆ ಹೀಗೆ. ಮೊದಲು ಕಾರಿನಿಂದ ಹತ್ತು ಹೆಜ್ಜೆ ದೂರ ನಿಂತು ಬಾಗಿಲಿನ ಸುತ್ತಲಿನ ಸಂದಿಯನ್ನು ನೋಡಿ. ಸಂದಿ ಮೇಲಿನಿಂದ ಕೆಳಗಿನವರೆಗೆ ಒಂದೇ ಅಗಲವಿರಬೇಕು. ಮೇಲೆ ಕಿರಿದಾಗಿ ಕೆಳಗೆ ಅಗಲವಾಗಿದ್ದರೆ ಮೈ ಕುಸಿದಿದೆ, ಅಥವಾ ಸಿಲ್ಲು ಬದಲಿಸುವಾಗ ಕೆಳಗಿನಿಂದ ಆಧಾರ ಕೊಟ್ಟಿರಲಿಲ್ಲ. ಬಾಗಿಲನ್ನು ಪೂರ್ತಿ ತೆರೆದು ಮೆಲ್ಲಗೆ ಎತ್ತಿದಾಗ ಕೀಲು ಸಡಿಲವಾಗಿ ಆಡಬಾರದು. ಮುಚ್ಚುವಾಗ ಭುಜ ಕೊಟ್ಟು ಒತ್ತಬೇಕಾಗಿ ಬರಬಾರದು. ಆಮೇಲೆ ಕೂತು, ಒಂದು ಸಣ್ಣ ಆಯಸ್ಕಾಂತವನ್ನು ಮೆತ್ತನೆಯ ಬಟ್ಟೆಯಲ್ಲಿ ಸುತ್ತಿ, ಸಿಬ್ಬಂದಿಯ ಒಪ್ಪಿಗೆ ಪಡೆದು, ಸಿಲ್ಲಿನ ಕೆಳ ಅಂಚಿನುದ್ದಕ್ಕೂ ಅಂಗುಲ ಅಂಗುಲವಾಗಿ ಇಟ್ಟು ತೆಗೆಯುತ್ತಾ ಹೋಗಿ. ಉಕ್ಕು ಎಲ್ಲೆಡೆ ಒಂದೇ ಬಲದಿಂದ ಸೆಳೆಯುತ್ತದೆ. ಪುಟ್ಟಿ ದಪ್ಪಗಿರುವಲ್ಲಿ ಸೆಳೆತ ಸಡಿಲಾಗುತ್ತದೆ, ತೀರಾ ದಪ್ಪಗಿದ್ದರೆ ಆಯಸ್ಕಾಂತ ಕೈಗೇ ಬಂದುಬಿಡುತ್ತದೆ. ಮಡ್‌ಗಾರ್ಡಿನ ಕೆಳತುದಿ, ಹೆಡ್‌ಲೈಟಿನ ಸುತ್ತ, ಹಿಂದಿನ ಚಕ್ರದ ಕಮಾನು ಇವುಗಳಲ್ಲೂ ಹೀಗೆಯೇ ಮಾಡಬೇಕು. ಒಂದು ಎಚ್ಚರ: ಮೊದಲ ವರ್ಷಗಳ ಎಂಜಿಬಿಯ ಬಾನೆಟ್ ಅಲ್ಯೂಮಿನಿಯಂನದು, ಅದಕ್ಕೆ ಆಯಸ್ಕಾಂತ ಹಿಡಿಯದಿರುವುದೇ ಸರಿ. 1964ರ ಕಾರಿನ ಬಾನೆಟ್ಟಿಗೆ ಅದು ಗಟ್ಟಿಯಾಗಿ ಅಂಟಿಕೊಂಡರೆ ಬಾನೆಟ್ ಬದಲಾಗಿದೆ, ಬಹುಶಃ ಮುಂಭಾಗಕ್ಕೆ ಪೆಟ್ಟು ಬಿದ್ದಿತ್ತು.

ತಳಕ್ಕೆ ಟಾರ್ಚ್ ಬಿಟ್ಟಾಗ ತುಕ್ಕು ತಡೆಯಲು ಬಳಿಯುವ, ಕಪ್ಪಗೆ ಹೊಳೆಯುವ ಹೊಸ ಅಂಡರ್‌ಸೀಲ್ ಕಂಡರೆ ಜನ ಸಮಾಧಾನಪಡುತ್ತಾರೆ. ನನಗೆ ಅದು ಅತ್ಯಂತ ಕಳವಳದ ಗುರುತು. ಹಳೆಯ, ಧೂಳು ಹಿಡಿದ, ಅಲ್ಲಲ್ಲಿ ಎಣ್ಣೆ ಸೋರಿದ ತಳದಲ್ಲಿ ತಗಡಿನ ಅಂಚುಗಳೂ ಕಾರ್ಖಾನೆಯ ಬೆಸುಗೆಯ ಚುಕ್ಕೆಗಳೂ ಕಣ್ಣಿಗೆ ಕಾಣುತ್ತವೆ. ಹರಾಜಿಗೆ ಎರಡು ವಾರ ಮುಂಚೆ ಬಳಿದ ಡಾಂಬರಿನಂಥ ಲೇಪದ ಅಡಿಯಲ್ಲಿ ಏನನ್ನೂ ಕಾಣಲಾಗದು. ಚಕ್ರದ ಕಮಾನಿನೊಳಗೆ ಕೈ ಹಾಕಿ ಮಣ್ಣು ನಿಲ್ಲುವ ಮೂಲೆಗಳನ್ನು ಬೆರಳಿನಿಂದ ತಡವಿ ನೋಡಿ. ಕಾರ್ಪೆಟ್ಟಿನ ಅಂಚು ಎತ್ತಿ ನೆಲದ ತಗಡನ್ನು ನೋಡಿ, ಡಿಕ್ಕಿಯಲ್ಲಿ ಸ್ಟೆಪ್ನಿಯ ಕೆಳಗೆ ನೋಡಿ. ರೋಡ್‌ಸ್ಟರಿನಲ್ಲಿ ಸೀಟಿನ ಹಿಂದಿನ ಬ್ಯಾಟರಿ ಪೆಟ್ಟಿಗೆಗಳು ಆಮ್ಲ ತಿಂದು ತೂತಾಗುವುದು ಸಾಮಾನ್ಯ.

ಜಾಗ್ವಾರ್ ಇ-ಟೈಪಿನಲ್ಲಿ ಇದೇ ತಪ್ಪು ಇನ್ನೂ ದುಬಾರಿ. 1961ರ ಮಾರ್ಚಿನಲ್ಲಿ ಜಿನೀವಾದಲ್ಲಿ ಹೊರಬಂದ ಆ ಕಾರಿನ ಎಂಜಿನ್ ನಿಂತಿರುವುದು ರೆನಾಲ್ಡ್ಸ್ 531 ಉಕ್ಕಿನ ಕೊಳವೆಗಳ ಚೌಕಟ್ಟಿನ ಮೇಲೆ. ಕೊಳವೆಗಳು ಒಳಗಿನಿಂದ ತುಕ್ಕು ಹಿಡಿಯುತ್ತವೆ, ಹೊರಗೆ ಬಣ್ಣ ಚೆನ್ನಾಗಿಯೇ ಇರುತ್ತದೆ. ಕೊಳವೆಗೆ ಸಾಧಾರಣ ವೆಲ್ಡಿಂಗಿನ ತೇಪೆ ಕಂಡರೆ ಚೌಕಟ್ಟನ್ನೇ ಬದಲಿಸುವ ಲೆಕ್ಕ ಹಿಡಿಯಬೇಕು. ಮೊದಲ ಐನೂರರಷ್ಟು ಕಾರುಗಳಲ್ಲಿ ಬಾನೆಟ್ಟಿನ ಚಿಲಕ ಹೊರಗಡೆ ಇತ್ತು. ಈ ಒಂದು ಚಿಲಕಕ್ಕೆ ಜನ ಕೊಡುವ ಹೆಚ್ಚುವರಿ ಬೆಲೆಯಿಂದಾಗಿ ಬೇರೆ ಬಾನೆಟ್ಟುಗಳಿಗೂ ಹೊರಗಿನ ಚಿಲಕ ಕೂರಿಸಿದವರಿದ್ದಾರೆ. ಚಿಲಕ ನೋಡಿ ಮರುಳಾಗದೆ ಚಾಸಿಸ್ ಸಂಖ್ಯೆಯನ್ನು ದಾಖಲೆಯೊಂದಿಗೆ ಹೋಲಿಸಿ.

ಇಡೀ ಮೈಯೇ ಹೊಸದಾಗಿರುವ ಎಂಜಿಬಿಯೂ ಸಿಗಬಹುದು. ಬ್ರಿಟಿಷ್ ಮೋಟಾರ್ ಹೆರಿಟೇಜ್ ಸಂಸ್ಥೆ 1988ರಿಂದ ಮೂಲ ಅಚ್ಚುಗಳನ್ನೇ ಬಳಸಿ ಹೊಸ ಬಾಡಿ ತಯಾರಿಸಿ ಮಾರುತ್ತಿದೆ. ಅಂಥ ಕಾರನ್ನು ಕೀಳೆಂದು ಬಿಡುವುದು ತಪ್ಪು. ಓಡಿಸುವುದಕ್ಕಾಗಿಯೇ ಕೊಳ್ಳುವವರಿಗೆ ಅದು ಒಳ್ಳೆಯ ಆಯ್ಕೆ. ಬಿಲ್ಲು ಕೇಳಿ ನೋಡಿದರೆ ಸಾಕು.

ಬಣ್ಣ, ಯಂತ್ರ, ಒಳಾಂಗಣ

ಬಣ್ಣದ ದಪ್ಪ ಅಳೆಯುವ ಕೈಯಳತೆಯ ಉಪಕರಣ ಈಗ ಕಡಿಮೆ ಬೆಲೆಗೆ ಸಿಗುತ್ತದೆ. ಕಾರ್ಖಾನೆಯ ಬಣ್ಣ ಸುಮಾರು 100ರಿಂದ 150 ಮೈಕ್ರಾನ್ ಆಸುಪಾಸಿನಲ್ಲಿ ಇರುತ್ತದೆ. ಚೆನ್ನಾಗಿ ಮಾಡಿದ ಮರುಬಣ್ಣ 200ರಿಂದ 350ರವರೆಗೆ ಹೋಗಬಹುದು. ಸಾವಿರ ದಾಟಿದರೆ, ಅಂದರೆ ಒಂದು ಮಿಲಿಮೀಟರಿಗಿಂತ ದಪ್ಪಗಿದ್ದರೆ, ಅಡಿಯಲ್ಲಿರುವುದು ಪುಟ್ಟಿಯೇ. ಅರವತ್ತು ವರ್ಷದ ಕಾರಿಗೆ ಒಮ್ಮೆಯೂ ಬಣ್ಣ ಹೊಡೆದಿರಬಾರದು ಎಂದು ನಿರೀಕ್ಷಿಸಲಾಗದು. ನೋಡಬೇಕಾದದ್ದು ಅಂಕಿಗಿಂತ ಏರಿಳಿತವನ್ನು: ಒಂದು ಬಾಗಿಲಲ್ಲಿ 250, ಪಕ್ಕದ ಮಡ್‌ಗಾರ್ಡಿನಲ್ಲಿ 900 ಬಂದರೆ ಅಲ್ಲಿ ಏನಾಗಿತ್ತು ಎಂದು ಕೇಳಬೇಕು. ಉಪಕರಣವಿಲ್ಲದವರು ಕಾರಿನ ಮೂಲೆಯಲ್ಲಿ ಕುಳಿತು ಬದಿಯುದ್ದಕ್ಕೂ ಕಣ್ಣು ಹಾಯಿಸಿ, ಮೈಮೇಲೆ ಬಿದ್ದ ಟ್ಯೂಬ್‌ಲೈಟಿನ ಪ್ರತಿಬಿಂಬ ನೇರವಾಗಿ ಸಾಗುತ್ತದೆಯೇ ನೋಡಿ. ಪುಟ್ಟಿ ಇರುವಲ್ಲಿ ಆ ಗೆರೆ ನೀರಿನ ಮೇಲಿನ ನೆರಳಿನಂತೆ ಅಲುಗುತ್ತದೆ.

ಎಂಜಿನ್ನಿನ ಬಗ್ಗೆ ಕಡಿಮೆ ಹೇಳುತ್ತೇನೆ, ಏಕೆಂದರೆ ಎಂಜಿಬಿಯ 1798 ಸಿಸಿ ಎಂಜಿನ್ನನ್ನು ಪೂರ್ತಿ ಬಿಚ್ಚಿ ಕಟ್ಟಿಸುವ ಖರ್ಚು ತುಕ್ಕು ಹಿಡಿದ ಮೈಯನ್ನು ಸರಿಪಡಿಸುವ ಖರ್ಚಿಗಿಂತ ಸಾಮಾನ್ಯವಾಗಿ ಕಡಿಮೆ. ಬೆಳಿಗ್ಗೆ ಬೇಗ ಹೋಗಿ, ತಣ್ಣಗಿರುವಾಗ ಚಾಲೂ ಮಾಡುವುದನ್ನು ಕಣ್ಣಾರೆ ನೋಡಿ. ಬಾನೆಟ್ ಮುಟ್ಟಿದಾಗ ಆಗಲೇ ಬೆಚ್ಚಗಿದ್ದರೆ ಏಕೆಂದು ಕೇಳಿ. ನೀಲಿ ಹೊಗೆ ಎಣ್ಣೆ ಸುಡುವುದರ ಗುರುತು. ಬಿಸಿಯಾದ ಮೇಲೂ ನಿಲ್ಲದ ಬಿಳಿ ಹೊಗೆ ನೀರು ಒಳಸೇರುವುದರ ಗುರುತು. ಬಿಸಿಯಾದ ಮೇಲೆ ವೇಗದಲ್ಲಿ ಎಣ್ಣೆಯ ಒತ್ತಡ 50ರಿಂದ 80 ಪಿಎಸ್‌ಐ ಇರಬೇಕು. ರೇಡಿಯೇಟರಿನ ಮುಚ್ಚಳವನ್ನು ತಣ್ಣಗಿರುವಾಗಲೇ ತೆಗೆಸಿ, ಒಳಗೆ ಮಜ್ಜಿಗೆಯಂಥ ನೊರೆ ಇದೆಯೇ ನೋಡಿ.

ಕಡಿಮೆ ಮೈಲಿ ಓಡಿದೆ ಎಂಬ ಮಾತಿಗೆ ಒಳಾಂಗಣವೇ ಸಾಕ್ಷಿ. ಹಳೆಯ ಮೀಟರುಗಳಲ್ಲಿ ಮೈಲಿಗೆ ಐದೇ ಅಂಕಿ. 99,999 ಆದ ಮೇಲೆ ಮತ್ತೆ ಸೊನ್ನೆಯಿಂದ ಎಣಿಕೆ. 32,000 ಮೈಲಿ ತೋರಿಸುವ ಕಾರಿನ ಕ್ಲಚ್ ಪೆಡಲಿನ ರಬ್ಬರು ಲೋಹ ಕಾಣುವಷ್ಟು ಸವೆದಿದ್ದರೆ ಅದು 1,32,000 ಆಗಿರಬಹುದು. ಪೆಡಲಿನ ರಬ್ಬರನ್ನೇ ಹೊಸದು ಹಾಕಿಸಿದ್ದರೆ ಬಾಗಿಲಿನ ಚಿಲಕದ ಸವೆತ, ಸ್ಟಿಯರಿಂಗಿನ ಅಂಚು, ಬೀಗದ ಕೈ ನೋಡಿ.

ಮಂಕಾದ ಒಳ್ಳೆಯ ಕಾರನ್ನು ಬಿಟ್ಟುಬಿಡುವ ತಪ್ಪು

ಹೊಳೆಯುವುದಕ್ಕೆ ಹೆಚ್ಚು ಕೊಡುವಂತೆಯೇ ಮಂಕಾಗಿರುವುದನ್ನು ಕಡೆಗಣಿಸುವುದೂ ತಪ್ಪೇ, ಮತ್ತು ಇದರ ಬಗ್ಗೆ ಯಾರೂ ಹೆಚ್ಚು ಮಾತಾಡುವುದಿಲ್ಲ. ಬಿಸಿಲಿಗೆ ಬಣ್ಣ ಪುಡಿಯಾದ, ಸೀಟಿನ ಹೊಲಿಗೆ ಬಿಟ್ಟ, ಆದರೆ ಸಿಲ್ಲು ಟಣ್ ಎನ್ನುವ, ಒಬ್ಬರೇ ಮಾಲೀಕರ ಸರ್ವಿಸ್ ಪುಸ್ತಕವಿರುವ ಕಾರಿನ ಮುಂದೆ ನಿಲ್ಲುವವರು ಕಡಿಮೆ. ಆ ಕಾರಿನಲ್ಲಿ ಮುಚ್ಚಿಟ್ಟದ್ದು ಏನೂ ಇಲ್ಲ. ತುಕ್ಕಿದ್ದರೆ ಕಣ್ಣೆದುರಿಗೇ ಇದೆ, ಬೆಲೆ ಕಟ್ಟುವುದು ಸುಲಭ. ಇದನ್ನು ಅರಿತ ಸಂಗ್ರಹಕಾರರು ಮೂಲಸ್ಥಿತಿಗೆ ಕೊಡುವ ಮನ್ನಣೆ ಬಹಳ ಹೆಚ್ಚಾಗಿದೆ. 2015ರ ಫೆಬ್ರವರಿಯಲ್ಲಿ ಪ್ಯಾರಿಸ್ಸಿನಲ್ಲಿ ಬಾಯೊಂ ಎಂಬ ಫ್ರೆಂಚ್ ಕುಟುಂಬದ ಕಾರು ಸಂಗ್ರಹದ ಹರಾಜು ನಡೆದಾಗ, ಹಳೆಯ ಪತ್ರಿಕೆಗಳ ರಾಶಿಯಡಿ ದಶಕಗಳ ಕಾಲ ಧೂಳು ತಿಂದಿದ್ದ ಫೆರಾರಿ 250 ಜಿಟಿ ಕ್ಯಾಲಿಫೋರ್ನಿಯಾ ಸ್ಪೈಡರ್ ಅದೇ ಧೂಳಿನಲ್ಲಿಯೇ 1.6 ಕೋಟಿ ಯೂರೋ ದಾಟಿತು. 2024ರಲ್ಲಿ ಅಮೆರಿಕದ ಪೆಬಲ್ ಬೀಚ್‌ನಲ್ಲಿ ನಡೆಯುವ ಹಳೆಯ ಕಾರುಗಳ ಅಂದದ ಸ್ಪರ್ಧೆಯ ಅತ್ಯುನ್ನತ ಪ್ರಶಸ್ತಿ ಮೊದಲ ಬಾರಿಗೆ ಮೂಲಸ್ಥಿತಿ ಕಾಯ್ದುಕೊಂಡ ಕಾರಿಗೆ, 1934ರ ಬುಗಾಟಿ ಟೈಪ್ 59ಕ್ಕೆ ಸಂದಿತು. ಅದರ ಬಣ್ಣದಲ್ಲಿ ಬಿರುಕುಗಳಿವೆ, ಅವುಗಳನ್ನು ಹಾಗೆಯೇ ಉಳಿಸಿಕೊಂಡಿದ್ದಾರೆ. ಅಂಥ ಅಪರೂಪದ ಕಾರುಗಳ ಬೆಲೆಯನ್ನು ಸಾಮಾನ್ಯ ಕಾರಿಗೆ ಅನ್ವಯಿಸಬಾರದು, ಆದರೆ ನೋಡುವ ಕಣ್ಣನ್ನು ಅಲ್ಲಿಂದ ಕಲಿಯಬಹುದು.

ಊರಿನಲ್ಲಿರುವವರು ಈ ಕಣ್ಣನ್ನು ಅಭ್ಯಾಸ ಮಾಡಿಕೊಳ್ಳಲು ಧರ್ಮಸ್ಥಳದ ಮಂಜೂಷಾ ಸಂಗ್ರಹಾಲಯದ ಕಾರುಗಳನ್ನೂ ಶ್ರೀರಂಗಪಟ್ಟಣದ ಬಳಿಯ ಪಯಣ ಸಂಗ್ರಹಾಲಯವನ್ನೂ ನಿಧಾನವಾಗಿ ನೋಡಿ ಬರಬೇಕು. ಬೇರೆ ಬೇರೆ ಕಾಲದ ತಗಡಿನ ಮಡಿಕೆ, ಬಾಗಿಲ ಸಂದಿ, ಗಾಜಿನ ಮೂಲೆಯ ಗುರುತುಗಳನ್ನು ಒಂದೇ ಕಡೆ ಹೋಲಿಸಲು ಅಲ್ಲಿ ಸಾಧ್ಯ.

ಕೂಗುವ ಮುನ್ನ ಲೆಕ್ಕ

ಬ್ರಿಟನ್ ಮತ್ತು ಅಮೆರಿಕದ ಬೆಲೆಪಟ್ಟಿಗಳು ಕಾರಿನ ಸ್ಥಿತಿಯನ್ನು ದರ್ಜೆಗಳಲ್ಲಿ ಹೇಳುತ್ತವೆ. ಹಳೆಯ ಕಾರುಗಳ ವಿಮಾ ಸಂಸ್ಥೆಯಾದ ಹ್ಯಾಗರ್ಟಿಯ ಪಟ್ಟಿಯಲ್ಲಿ ಒಂದು ಎಂದರೆ ಸ್ಪರ್ಧೆಗೆ ನಿಲ್ಲುವಂಥದ್ದು, ಎರಡು ಅತ್ಯುತ್ತಮ, ಮೂರು ಒಳ್ಳೆಯದು, ನಾಲ್ಕು ಸಾಧಾರಣ. ದರ್ಜೆಯಿಂದ ದರ್ಜೆಗೆ ಬೆಲೆಯ ಅಂತರ ದೊಡ್ಡದು. ಹೊಸ ಬಣ್ಣದ ಮೂರನೆಯ ದರ್ಜೆಯ ಕಾರನ್ನು ಎರಡನೆಯ ದರ್ಜೆ ಎಂದು ತಿಳಿಯುವುದೇ ಹರಾಜಿನ ಅತಿ ಸಾಮಾನ್ಯ ನಷ್ಟ. ನೀವು ಊಹಿಸಿದ ದರ್ಜೆಗಿಂತ ಒಂದು ಕೆಳಗೆ ಇಳಿಸಿ ಲೆಕ್ಕ ಹಾಕಿ. ಕಾರು ಅದಕ್ಕಿಂತ ಒಳ್ಳೆಯದೆಂದು ಕಾಗದಗಳು ಸಾಬೀತುಪಡಿಸಿದರೆ ಮಾತ್ರ ಏರಿಸಿ.

ಸುತ್ತಿಗೆ ಬಿದ್ದ ಬೆಲೆಯೇ ಕೊಡಬೇಕಾದ ಬೆಲೆ ಎಂದುಕೊಳ್ಳುವವರೂ ಇದ್ದಾರೆ. ಅದರ ಮೇಲೆ ಕೊಳ್ಳುವವರು ಹರಾಜು ಸಂಸ್ಥೆಗೆ ಪ್ರೀಮಿಯಂ ಕೊಡಬೇಕು, ಬ್ರಿಟನ್ನಿನಲ್ಲಿ ಆ ಪ್ರೀಮಿಯಮ್ಮಿನ ಮೇಲೆ ಶೇ. 20ರ ವ್ಯಾಟ್ ಬೇರೆ. ಪ್ರೀಮಿಯಂ ಶೇ. 12.5 ಎಂದಿಟ್ಟುಕೊಂಡರೆ 12,000 ಪೌಂಡಿಗೆ ನಿಂತ ಕಾರಿಗೆ 13,800 ಪೌಂಡ್ ಆಗುತ್ತದೆ. ಸಾಗಣೆ, ವಿಮೆ, ಟೈರು ಇದರ ಮೇಲೆ. ನಿಮ್ಮಲ್ಲಿರುವ ಹಣದಿಂದ ಈ ಎಲ್ಲವನ್ನೂ ಕಳೆದು ಉಳಿದ ಮೊತ್ತವನ್ನು ಚೀಟಿಯಲ್ಲಿ ಬರೆದು ಜೇಬಿಗಿಟ್ಟುಕೊಂಡು ಒಳಗೆ ಹೋಗಿ, ಅದರಾಚೆಗೆ ಒಂದು ಕೂಗನ್ನೂ ಕೂಗಬೇಡಿ.

ಕೂಗಾಟದ ನಡುವೆ ಮನಸ್ಸಿಗೆ ಬರುವ ಒಂದು ತರ್ಕವನ್ನು ಮುಂಚೆಯೇ ತಿಳಿದಿರುವುದು ಒಳ್ಳೆಯದು: 'ಎದುರಿನವರು ಇಷ್ಟು ಕೊಡಲು ಸಿದ್ಧರಿದ್ದಾರೆ, ಅಂದರೆ ಕಾರು ಚೆನ್ನಾಗಿಯೇ ಇರಬೇಕು.' ಎದುರಿನವರೂ ಬಣ್ಣವನ್ನಷ್ಟೇ ನೋಡಿ ಬಂದಿರಬಹುದು. ಮೀಸಲು ಬೆಲೆ, ಅಂದರೆ ಇದಕ್ಕಿಂತ ಕಡಿಮೆಗೆ ಮಾರುವುದಿಲ್ಲ ಎಂದು ಮೊದಲೇ ಗೊತ್ತುಮಾಡಿದ ಬೆಲೆ, ತಲುಪುವವರೆಗೆ ಮಾರಾಟಗಾರರ ಪರವಾಗಿ ಹರಾಜುಗಾರರೇ ಕೂಗುವುದಕ್ಕೂ ಷರತ್ತುಗಳಲ್ಲಿ ಅವಕಾಶವಿರುವುದುಂಟು. ಹಾಗಿದ್ದಾಗ ಎದುರಿನಲ್ಲಿ ಯಾರೂ ಇಲ್ಲದಿರಬಹುದು. ಮೆಕ್ಸಿಕೊ ಕೊಲ್ಲಿಯ ತೈಲ ಗುತ್ತಿಗೆಗಳ ಹರಾಜನ್ನು ಅಭ್ಯಸಿಸಿದ ಮೂವರು ಎಂಜಿನಿಯರುಗಳು 1971ರಲ್ಲಿ ತೋರಿಸಿಕೊಟ್ಟ ವಿಷಯವೂ ಇಲ್ಲಿ ಅನ್ವಯಿಸುತ್ತದೆ: ಒಂದೇ ವಸ್ತುವಿನ ಬೆಲೆಯನ್ನು ಹಲವರು ಅಂದಾಜು ಮಾಡಿದಾಗ ಗೆಲ್ಲುವುದು ಅತಿ ಹೆಚ್ಚು ಅಂದಾಜು ಮಾಡಿದವರು, ಅಂದರೆ ಹೆಚ್ಚಾಗಿ ತಪ್ಪಿದವರು. ಕೂಗುವವರು ಹೆಚ್ಚಿದ್ದಷ್ಟೂ ನಿಮ್ಮ ಮಿತಿಯನ್ನು ಇಳಿಸಬೇಕು, ಏರಿಸಬಾರದು.

ಆನ್‌ಲೈನ್ ಹರಾಜಿನಲ್ಲಿ ಇನ್ನೂರು ಫೋಟೋ ಇದ್ದರೂ ಸಿಲ್ಲಿನ ಕೆಳ ಅಂಚಿನದು ಒಂದೂ ಇಲ್ಲದಿರಬಹುದು. ಅದನ್ನು, ಮತ್ತು ತಣ್ಣನೆಯ ಎಂಜಿನ್ ಚಾಲೂ ಆಗುವ ವಿಡಿಯೋವನ್ನು ಬರವಣಿಗೆಯಲ್ಲಿ ಕೇಳಿ. ಉತ್ತರ ಬಾರದಿದ್ದರೆ ಆ ಕಾರನ್ನು ಬಿಡಿ. ಆ ಊರಿನ ಕಾರು ಕ್ಲಬ್ಬಿನ ಅನುಭವಿಯೊಬ್ಬರಿಗೆ ಅರ್ಧ ದಿನದ ಹಣ ಕೊಟ್ಟು ನೋಡಿಸುವುದು ಅತ್ಯಂತ ಲಾಭದ ಖರ್ಚು.

ಭಾರತಕ್ಕೆ ತರುವ ಯೋಚನೆಯಿದ್ದವರು ಆಮದಿನ ನಿಯಮ ಮತ್ತು ಸುಂಕವನ್ನು ಕೂಗುವ ಮುಂಚೆಯೇ ಕಸ್ಟಮ್ಸ್ ಏಜೆಂಟರಿಂದ ಬರೆಸಿಕೊಳ್ಳಬೇಕು. ಇಲ್ಲಿನ ನೋಂದಣಿಗೂ ಮೂಲಸ್ಥಿತಿಯ ಪ್ರಶ್ನೆ ತಗಲುತ್ತದೆ. 2021ರ ಜುಲೈ ತಿಂಗಳ ಕೇಂದ್ರ ನಿಯಮದಂತೆ ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ಮೂಲ ರೂಪದಲ್ಲಿರುವ, ಚಾಸಿಸ್, ಬಾಡಿ ಅಥವಾ ಎಂಜಿನ್ನಿನಲ್ಲಿ ಗಣನೀಯ ಬದಲಾವಣೆ ಆಗದ ವಾಹನವನ್ನು ವಿಂಟೇಜ್ ಎಂದು ಪರಿಗಣಿಸಿ, ವಿಎ ಅಕ್ಷರಗಳಿರುವ ಸಂಖ್ಯೆ ಕೊಡುತ್ತಾರೆ. ಹೊಸ ನೋಂದಣಿಯ ಶುಲ್ಕ 20,000 ರೂಪಾಯಿ. ಬೇರೆ ಎಂಜಿನ್ ಕೂರಿಸಿದ ಕಾರನ್ನು ಅಸಲಿ ಎಂದು ನಂಬಿ ತಂದರೆ ಪ್ರಶ್ನೆ ಏಳುವುದು ಇಲ್ಲಿನ ಕಚೇರಿಯಲ್ಲಿ.

ಕಾರು ನಿಮ್ಮದಾದ ಮೇಲೆ ಅದನ್ನು ಓಡಿಸಿಕೊಂಡು ಮನೆಗೆ ಹೋಗುವ ಆಸೆ ಸಹಜ. ಮೊದಲು ಟೈರಿನ ಬದಿಯಲ್ಲಿರುವ ನಾಲ್ಕು ಅಂಕಿ ಓದಿ: 3109 ಎಂದಿದ್ದರೆ ಅದು 2009ರ 31ನೆಯ ವಾರದಲ್ಲಿ ತಯಾರಾದದ್ದು. ಟೈರಿನ ಮೇಲಿನ ಗೀರುಗಳು ಎಷ್ಟೇ ಆಳವಾಗಿದ್ದರೂ ಅಂಥ ಹಳೆಯ ರಬ್ಬರಿನ ಮೇಲೆ ಹೆದ್ದಾರಿಗೆ ಇಳಿಯಬಾರದು. ಲಾರಿಯ ಮೇಲೆ ಮನೆಗೆ ತರಿಸಿ, ಬ್ರೇಕಿನ ರಬ್ಬರ್ ಪೈಪು, ಇಂಧನದ ಪೈಪು, ಎಲ್ಲ ಎಣ್ಣೆ, ನೀರು ಬದಲಿಸಿ, ಲಿಫ್ಟಿನ ಮೇಲೆ ಏರಿಸಿ ಸಿಲ್ಲುಗಳನ್ನು ಮೊದಲಿನಿಂದ ಕೊನೆಯವರೆಗೆ ಒಮ್ಮೆ ತಟ್ಟಿಸಿ ಕೇಳಿ, ಆಮೇಲೆ ಕೀಲಿ ತಿರುಗಿಸಿ.